ಕೋಸು ಹುದುಗಿಸಲು ಬೇಸಿಗೆ ಸಲ್ಲ. ಬೀಜ ಈಗಲೇ ಬೀಳಲಿ

ಮಾನ್ಯ ಸಂಪಾದಕರೇ,

ಉಪ್ಪು ಬೆರೆಸಿ ಹುದುಗಿಸಿದ ಎಲೆಕೋಸು, ಜರ್ಮನಿಯ ಸೌರ್‌ಕ್ರಾಟ್, ವಿಡಿಯೊಗಳ ದಾರಿಯಲ್ಲಿ ದಾವಣಗೆರೆಯ ಅಡುಗೆಮನೆಗೂ ಬಂದಿದೆ. ಬಂದಷ್ಟೇ ಬೇಗ ತಿಪ್ಪೆಗೂ ಹೋಗುತ್ತಿದೆ. ತಪ್ಪು ಕೈಗುಣದ್ದಲ್ಲ, ತಿಂಗಳಿನದು. ಏಪ್ರಿಲ್‌ನಲ್ಲಿ ಹೊರಗೆ 37-38 ಡಿಗ್ರಿ ಇರುವಾಗ ಭರಣಿಗೆ ತುಂಬಿದ ಕೋಸು ಸರಿಯಾಗಿ ಹುಳಿ ಹಿಡಿಯುವ ಮೊದಲೇ ಮೆತ್ತಗಾಗುತ್ತದೆ. ಗಿಡ ಬೇಡುವ ತಂಪೂ ಭರಣಿ ಬೇಡುವ ತಂಪೂ ನಮ್ಮಲ್ಲಿ ಒಟ್ಟಿಗೆ ಸಿಗುವುದು ಡಿಸೆಂಬರ್-ಜನವರಿಯಲ್ಲಿ ಮಾತ್ರ. ಆ ಹೊತ್ತಿಗೆ ಗಡ್ಡೆ ಬಲಿಯಬೇಕಾದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೊದಲ ವಾರದೊಳಗೆ ಬೀಜ ಬಿತ್ತಬೇಕು. ಅದಕ್ಕೇ ಈ ಪತ್ರ ಈಗ.

ಮನೆಯಂಗಳಕ್ಕೆ ‘ಗೋಲ್ಡನ್ ಏಕರ್’ ತಳಿ ಸಾಕು. ನಾಟಿಯಾದ 60-65 ದಿನಕ್ಕೆ ಕಿಲೋ ತೂಗುವ ಗಟ್ಟಿ, ದುಂಡು ಗಡ್ಡೆ ಬರುತ್ತದೆ. ಬಿಸಿಲಿನಲ್ಲೂ ಗಡ್ಡೆ ಕಟ್ಟುವ ಹೈಬ್ರಿಡ್‌ಗಳಿವೆ, ಆದರೆ ಚಳಿಗಾಲ ಪುಕ್ಕಟೆ ಸಿಗುವಾಗ ಅವುಗಳ ಹಿಂದೆ ಹೋಗುವ ಅಗತ್ಯವಿಲ್ಲ. 25-30 ದಿನದ, ನಾಲ್ಕೈದು ಎಲೆಯ ಸಸಿಯನ್ನು ಸಂಜೆ ಹೊತ್ತು ಒಂದೂವರೆ ಅಡಿ ಅಂತರದಲ್ಲಿ ನೆಡಬೇಕು. 10 ಅಡಿ ಉದ್ದ, 4 ಅಡಿ ಅಗಲದ ಮಡಿಗೆ 18 ಗಿಡ ಹಿಡಿಯುತ್ತವೆ. ಆ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10-12 ಕಿಲೋ, ಬೇವಿನ ಹಿಂಡಿ 1 ಕಿಲೋ. ಎರೆಮಣ್ಣಾದರೆ ಮಡಿಯನ್ನು ಅರ್ಧ ಅಡಿ ಎತ್ತರಿಸಲೇಬೇಕು, ಇಲ್ಲದಿದ್ದರೆ ಹಿಂಗಾರಿನ ಒಂದು ಮಳೆಗೇ ಬೇರು ಕೊಳೆಯುತ್ತದೆ. ತಾರಸಿಯಲ್ಲಿ ಬೆಳೆಯುವವರು 12 ಇಂಚಿನ ಒಂದು ಚೀಲಕ್ಕೆ ಒಂದೇ ಗಿಡ ಇಡಲಿ. ಮೂರನೇ ಮತ್ತು ಆರನೇ ವಾರ ಶೇಂಗಾ ಹಿಂಡಿಯ ನೀರು ಕೊಡಬಹುದು: 100 ಗ್ರಾಂ ಹಿಂಡಿಯನ್ನು ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕುವುದು.

ಗಡ್ಡೆ ಒಡೆಯುವುದು ನಮ್ಮೂರಿನ ದೊಡ್ಡ ದೂರು. ನಲ್ಲಿ ನೀರು ಬಂದ ದಿನ ಮಡಿ ತುಂಬಿಸಿ, ಆಮೇಲೆ ನಾಲ್ಕಾರು ದಿನ ಒಣಗಿಸಿದರೆ ಒಡೆಯದೆ ಏನು ಮಾಡೀತು? ಒಣಗಿದ ಬೇರಿಗೆ ಒಮ್ಮೆಲೇ ನೀರು ಸಿಕ್ಕಾಗ ಒಳಗಿನ ಎಲೆ ಉಬ್ಬಿ ಹೊರಗಿನದನ್ನು ಸೀಳುತ್ತದೆ. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪವೇ ಕೊಡಬೇಕು, ಬುಡಕ್ಕೆ ಒಣಗಿದ ಸೊಪ್ಪುಸದೆ ಹೊದಿಸಬೇಕು. ಬಲಿತ ಗಡ್ಡೆಯನ್ನು ಇನ್ನೊಂದು ವಾರ ಗಿಡದಲ್ಲೇ ಇಡಬೇಕೆಂದರೆ ಗಿಡವನ್ನು ಹಿಡಿದು ಅರ್ಧ ಸುತ್ತು ತಿರುವಿದರೆ ಸಾಕು. ಒಂದಷ್ಟು ಬೇರು ಹರಿದು ನೀರಿನ ಓಟ ನಿಧಾನವಾಗುತ್ತದೆ.

ಹುಳುವಿನ ಕಾಟದಲ್ಲಿ ಮೊದಲನೆಯದು ವಜ್ರಬೆನ್ನಿನ ಪತಂಗದ ಹಸಿರು ಮರಿಹುಳು. ಮುಟ್ಟಿದರೆ ಹಿಂದಕ್ಕೆ ಹೊರಳಿ ನೂಲು ಬಿಟ್ಟು ಜೋತಾಡುವುದೇ ಅದರ ಗುರುತು. ನಾಟಿಗೆ 15 ದಿನ ಮೊದಲೇ ಮಡಿಯ ಅಂಚಿಗೆ ಅಡುಗೆಮನೆಯ ಸಾಸಿವೆ ಚೆಲ್ಲಿದರೆ ಪತಂಗ ಅಲ್ಲಿ ಮೊಟ್ಟೆಯಿಡುತ್ತದೆ, ಕೋಸು ಬಹುಮಟ್ಟಿಗೆ ಪಾರಾಗುತ್ತದೆ. ಆದರೂ ಕಂಡರೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸೋಪು ಕರಗಿಸಿ ಸಂಜೆ ಸಿಂಪಡಿಸಬೇಕು. ಕೋಸಿನ ಎಲೆಗೆ ಮೇಣದ ಲೇಪವಿರುವುದರಿಂದ ಸೋಪಿಲ್ಲದ ದ್ರಾವಣ ನಿಲ್ಲದೆ ಜಾರಿಹೋಗುತ್ತದೆ. ಕೊಯ್ಲಿಗೆ ಹತ್ತು ದಿನ ಇರುವಾಗ ಸಿಂಪಡಣೆ ನಿಲ್ಲಿಸಿ.

ಇನ್ನು ಭರಣಿಯ ವಿಷಯ. ಕೊಯ್ದ ದಿನ ಅಥವಾ ಮರುದಿನವೇ ಹೆಚ್ಚಬೇಕು. ವಾರ ಕಳೆದ ಕೋಸು ನೀರು ಬಿಡುವುದು ಕಡಿಮೆ. ಹೊರಗಿನ ಎಲೆ ತೆಗೆದು ತಣ್ಣೀರಿನಲ್ಲಿ ತೊಳೆದರೆ ಸಾಕು, ಬಿಸಿನೀರು, ವಿನೆಗರ್ ತೋರಿಸಬಾರದು. ಹುಳಿ ತರುವ ಜೀವಾಣುಗಳು ಎಲೆಯ ಮೇಲೆಯೇ ಇರುತ್ತವೆ. ಮೊಸರು, ಮಜ್ಜಿಗೆ ಹೆಪ್ಪಿನ ಗೊಡವೆಯೂ ಇಲ್ಲ. ದಿಂಡು ತೆಗೆದು, ಈಳಿಗೆಯಲ್ಲಿ ಎರಡು ಮಿಲಿಮೀಟರಿನಷ್ಟು ಸಣ್ಣಗೆ ಹೆಚ್ಚಿ, ಹೆಚ್ಚಿದ ಮೇಲೆ ತೂಗಬೇಕು. ಕಿಲೋಗೆ 25 ಗ್ರಾಂ ಉಪ್ಪು. ತಂಪು ದೇಶದವರು 20 ಗ್ರಾಮಿನಲ್ಲೇ ಮುಗಿಸುತ್ತಾರೆ, ನಮ್ಮ ಹವೆಗೆ 25 ಇರಲಿ. ಚಮಚದ ಲೆಕ್ಕ ಬೇಡವೇ ಬೇಡ: ಕಲ್ಲುಪ್ಪಿನ ಚಮಚಕ್ಕೂ ಪುಡಿಯುಪ್ಪಿನ ಚಮಚಕ್ಕೂ ತೂಕ ಒಂದೇ ಅಲ್ಲ. ಕಲ್ಲುಪ್ಪನ್ನು ಕುಟ್ಟಿ ಬಳಸುವುದು ಒಳ್ಳೆಯದು. ಅಯೋಡಿನ್ ಉಪ್ಪಿನಿಂದ ಹುದುಗು ನಿಲ್ಲುವುದಿಲ್ಲ, ಆದರೆ ಅದರಲ್ಲಿರುವ, ಉಪ್ಪು ಗಂಟಾಗದಂತೆ ತಡೆಯುವ ಪುಡಿಯಿಂದ ನೀರು ಬಗ್ಗಡವಾಗಬಹುದು.

ಬೋಗುಣಿಯಲ್ಲಿ ಹತ್ತು ನಿಮಿಷ ಹಿಸುಕಿದರೆ ನೀರು ಒಸರುತ್ತದೆ. ಗಾಜಿನ ಅಥವಾ ಪಿಂಗಾಣಿ ಭರಣಿಗೆ ಮುಕ್ಕಾಲು ಭಾಗ ಒತ್ತಿ ತುಂಬಿ, ಮೇಲೊಂದು ಇಡೀ ಎಲೆ ಮುಚ್ಚಿ, ಅದರ ಮೇಲೆ ನೀರು ತುಂಬಿದ ಸಣ್ಣ ಗಾಜಿನ ಲೋಟ ಹೇರಬೇಕು. ಕೋಸು ನೀರಿನಡಿ ಮುಳುಗಿರುವುದೇ ಇಡೀ ಕೆಲಸದ ಜೀವಾಳ. ನೀರು ಸಾಲದಿದ್ದರೆ ಕುದಿಸಿ ಆರಿಸಿದ ಲೀಟರ್ ನೀರಿಗೆ 25 ಗ್ರಾಂ ಉಪ್ಪು ಕರಗಿಸಿ ಸೇರಿಸಿ. ಜೀರಿಗೆ ಹಾಕಬಹುದು, ಎಣ್ಣೆ ಮಾತ್ರ ಈಗ ಬೇಡ. ಮುಚ್ಚಳ ಬಿಗಿಯಬಾರದು. ಮೊದಲ ವಾರ ಗ್ಯಾಸ್ ಹುಟ್ಟಿ ನೀರು ಉಕ್ಕುತ್ತದೆ, ಅಡಿಗೊಂದು ತಟ್ಟೆ ಇರಲಿ.

ಬಿಸಿ ಏಕೆ ಕೆಡಿಸುತ್ತದೆಂದರೆ, ಮೊದಲು ಕೆಲಸಕ್ಕಿಳಿಯುವ ಲ್ಯೂಕೊನೊಸ್ಟಾಕ್ ಎಂಬ ಜೀವಾಣುವಿಗೆ 18ರಿಂದ 22 ಡಿಗ್ರಿ ಹಿತ. ಅದು ಗಾಳಿಯನ್ನು ಹೊರದಬ್ಬಿ ಹದವಾದ ಹುಳಿ, ಪರಿಮಳ ಕೊಟ್ಟ ಮೇಲೆ ಲ್ಯಾಕ್ಟೊಬ್ಯಾಸಿಲಸ್ ಗುಂಪಿನವು ಮುಂದುವರಿಸುತ್ತವೆ. ಸೆಕೆಯಲ್ಲಿ ಮೊದಲ ಹಂತ ಅರೆಬರೆಯಾಗಿ ಬರಿಯ ಕಟುಹುಳಿ ಉಳಿಯುತ್ತದೆ, ಎಳೆ ಮೆತ್ತಗಾಗುತ್ತದೆ. ಜನವರಿಯ ಮಧ್ಯಾಹ್ನವೂ ಇಲ್ಲಿ ಬೆಚ್ಚಗೇ ಇರುವುದರಿಂದ ಭರಣಿಯನ್ನು ನೀರಿನ ತಟ್ಟೆಯಲ್ಲಿಟ್ಟು, ಒದ್ದೆ ಗೋಣಿ ಸುತ್ತಿ ಒಳಕೋಣೆಯ ನೆಲದ ಮೇಲೆ ಇಡಬೇಕು. ನಮ್ಮ ಒಣಹವೆಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ.

ಹತ್ತನೇ ದಿನ ಒಣ ಚಮಚದಲ್ಲಿ ರುಚಿ ನೋಡಿ. ಸಾಮಾನ್ಯವಾಗಿ ಮೂರು ವಾರಕ್ಕೆ ಹದವಾಗುತ್ತದೆ, ಆಮೇಲೆ ಫ್ರಿಜ್‌ಗೆ. ಮೇಲೆ ತೆಳುವಾದ ಬಿಳಿ ಕೆನೆ ಕಟ್ಟಿದರೆ ತೆಗೆದುಹಾಕಿದರಾಯಿತು. ಹಸಿರು, ಕಪ್ಪು ಬೂಷ್ಟು ರೋಮದಂತೆ ಎದ್ದರೆ, ಕೊಳೆತ ವಾಸನೆ ಬಂದರೆ, ನೀರು ಲೋಳೆಯಾದರೆ ಇಡೀ ಭರಣಿ ಚೆಲ್ಲಬೇಕು, ಲೋಭ ಬೇಡ. ಅಲ್ಲಲ್ಲಿ ಗುಲಾಬಿ ಬಣ್ಣ ಕಂಡರೆ ಉಪ್ಪು ಸಮನಾಗಿ ಬೆರೆತಿಲ್ಲವೆಂದು ಅರ್ಥ, ಅದನ್ನೂ ತಿನ್ನಬಾರದು.

ಜೋಳದ ರೊಟ್ಟಿಗೆ ಹಸಿ ಈರುಳ್ಳಿ, ಗುರೆಳ್ಳು ಪುಡಿ ಕಲಸಿ ತಿನ್ನಬಹುದು. ಒಗ್ಗರಣೆ ಬೇಕೆಂದರೆ ಆರಿಸಿ ಹಾಕಿ. ಆದರೆ 100 ಗ್ರಾಮಿನಲ್ಲಿ ಎರಡು ಗ್ರಾಮಿಗೂ ಮಿಕ್ಕಿ ಉಪ್ಪಿರುತ್ತದೆ, ದಿನವಿಡೀ 5 ಗ್ರಾಮಿನೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿ.ಪಿ. ಇರುವವರು ಚಮಚಕ್ಕೆ ನಿಲ್ಲಿಸಲಿ.

ನರ್ಸರಿಯವರಲ್ಲಿ ಒಂದು ಕೋರಿಕೆ: ಸಸಿ ಮಾರುವಾಗ ತಳಿಯ ಹೆಸರು ಮತ್ತು ಬಿತ್ತಿದ ದಿನಾಂಕ ಬರೆದ ಚೀಟಿ ಟ್ರೇಗೆ ಅಂಟಿಸಿ. 40 ದಿನ ದಾಟಿ ಬಲಿತ ಸಸಿ ಎಷ್ಟು ಆರೈಕೆ ಮಾಡಿದರೂ ಸಣ್ಣ ಗಡ್ಡೆಯನ್ನೇ ಕೊಡುತ್ತದೆ, ಕೊಳ್ಳುವವರಿಗೆ ಅದು ನೋಡಿ ತಿಳಿಯುವುದಿಲ್ಲ.

– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ