ಊಟವಾದ ಮೇಲಿನ ಏದುಸಿರೆಲ್ಲ ಗ್ಯಾಸ್ಟ್ರಿಕ್ ಅಲ್ಲ

ಮಾನ್ಯ ಸಂಪಾದಕರೇ,

ನಾನು ಸರ್ಕಾರಿ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ನರ್ಸ್. ಚಳಿ ಶುರುವಾದರೆ ನಮ್ಮಲ್ಲಿ ಸಿಒಪಿಡಿ (ಉಸಿರಿನ ದಾರಿ ಕಿರಿದಾಗಿ ದಮ್ಮು ಕಟ್ಟುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳು ಜಾಸ್ತಿ. ಬೀಡಿ ಸೇದಿದವರು ಬರುತ್ತಾರೆ. ಬೀಡಿ ಮುಟ್ಟದೆ ಜೀವಮಾನವೆಲ್ಲ ಸೌದೆ ಒಲೆ ಊದಿದ ಹೆಂಗಸರೂ ಬರುತ್ತಾರೆ. "ಸಿಸ್ಟರ್, ಉಂಡ ಮೇಲೆ ದಮ್ಮು ಕಟ್ಟುತ್ತೆ, ಗ್ಯಾಸ್ಟ್ರಿಕ್ ಇರ್ಬೇಕು" ಅನ್ನುವುದು ಇವರಲ್ಲಿ ಅನೇಕರ ಮಾತು. ಮೆಡಿಕಲ್ ಶಾಪಿನ ಮಾತ್ರೆ, ಸೋಡಾ ಎಲ್ಲ ಆಗಿರುತ್ತದೆ. ಯಾವುದೂ ನಾಟದಿದ್ದಾಗ ಊಟವನ್ನೇ ಕಡಿಮೆ ಮಾಡಿಬಿಡುತ್ತಾರೆ.

ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯು ಇದೆ. ಉಸಿರು ಎಳೆದಾಗ ಅದು ಕೆಳಗೆ ಇಳಿಯಬೇಕು. ಸಿಒಪಿಡಿಯಲ್ಲಿ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗುವುದಿಲ್ಲ. ಶ್ವಾಸಕೋಶ ಉಬ್ಬಿ, ವಪೆ ಮೊದಲೇ ಚಪ್ಪಟೆಯಾಗಿರುತ್ತದೆ. ಅಂಥವರು ಹೊಟ್ಟೆ ತುಂಬ ಮುದ್ದೆ ಉಂಡು, ಮೇಲೊಂದು ಚೊಂಬು ನೀರು ಕುಡಿದರೆ ವಪೆ ಇಳಿಯಲು ಜಾಗ ಎಲ್ಲಿ? ಏದುಸಿರಿನಲ್ಲೇ ಉಣ್ಣುವಾಗ ಗಾಳಿಯನ್ನೂ ನುಂಗುತ್ತಾರೆ. ಹಾಗಂತ ಊಟ ಬಿಟ್ಟರೆ ಉಸಿರಾಡಿಸುವ ಸ್ನಾಯುಗಳೇ ಸೊರಗುತ್ತವೆ.

ಕಳೆದ ಚಳಿಗಾಲದಲ್ಲಿ ಒಬ್ಬ ಅಮ್ಮ ಅಡ್ಮಿಟ್ ಆಗಿದ್ದರು. ಊಟದ ಡಬ್ಬಿ ಬಂದ ಕೂಡಲೇ ಮೂಗಿನ ಆಕ್ಸಿಜನ್ ನಳಿಕೆ ತೆಗೆದು ದಿಂಬಿನ ಮೇಲೆ ಇಡುತ್ತಿದ್ದರು. ಅದನ್ನು ಹಾಕಿಕೊಂಡೇ ಉಣ್ಣಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನೆಟ್ಟಗೆ ಕೂರಿಸಿ, ಮುದ್ದೆಯನ್ನು ಅರ್ಧ ಮಾಡಿ, ಉಳಿದರ್ಧ ಎರಡು ಗಂಟೆ ಬಿಟ್ಟು ಕೊಟ್ಟೆವು. ಮಧ್ಯೆ ಮೊಟ್ಟೆ, ಹೆಸರುಬೇಳೆ ಕಟ್ಟು. ನೀರು ಊಟದ ಜೊತೆಗಲ್ಲ, ಆಮೇಲೆ. ಉಂಡ ಮೇಲೂ ಮಾತಾಡುವಷ್ಟು ಉಸಿರು ಉಳಿಯಿತು. ಅವರ ಚೀಲದಲ್ಲಿ ರೋಟಾಹೇಲರ್ (ಪುಡಿ ಔಷಧಿ ಎಳೆದುಕೊಳ್ಳುವ ಇನ್‌ಹೇಲರ್) ಇತ್ತು, ಪೊಟ್ಟಣ ಒಡೆದೇ ಇರಲಿಲ್ಲ. ಅದಕ್ಕೆ ಹಾಕಿ ಬಾಯಿಂದ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ದಿನಾ ನೀರಿನ ಜೊತೆ ನುಂಗುತ್ತಿದ್ದರು! ಎದೆಗೆ ಹೋಗಬೇಕಾದ ಔಷಧಿ ಹೊಟ್ಟೆಗೆ ಹೋಗುತ್ತಿತ್ತು. ಇದನ್ನು ಬೇರೆ ರೋಗಿಗಳಲ್ಲೂ ನೋಡಿದ್ದೇನೆ. ತಪ್ಪು ಅವರದ್ದಲ್ಲ. ಚೀಟಿ ಇಂಗ್ಲಿಷಿನಲ್ಲಿ, ಕೊಟ್ಟವರಿಗೆ ಅವಸರ.

ನರ್ಸಿಂಗ್ ಓದುವಾಗ ಜೀರ್ಣಾಂಗ ಒಂದು ಪಾಠ, ಶ್ವಾಸಾಂಗ ಇನ್ನೊಂದು. ಎರಡನ್ನೂ ಸೇರಿಸಿ ರೋಗಿಯ ತಟ್ಟೆಯ ಮುಂದೆ ನಿಂತು ಯೋಚಿಸುವುದನ್ನು ಯಾರೂ ಕಲಿಸುವುದಿಲ್ಲ. ಕಲಿತವರಿಗೂ ಹೇಳಿಕೊಡಲು ಸಮಯ ಎಲ್ಲಿ? ಡಿಸ್ಚಾರ್ಜ್ ದಿನ ನಮ್ಮ ಕೈ ತುಂಬ ರಿಜಿಸ್ಟರುಗಳೇ. ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ ಅಡುಗೆಗೆ ಯಾವ ಇಂಧನ ಅಂತ ಕೇಳುವ ಕಾಲಂ ಇದೆ, ಒಳ್ಳೆಯದೇ. ಆದರೆ ರೋಗ ಬಂದವರಿಗೆ ಹೇಗೆ ಉಣ್ಣಬೇಕು, ಇನ್‌ಹೇಲರ್ ಹೇಗೆ ಎಳೆಯಬೇಕು, ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಬಾಯಿ ಮುಕ್ಕಳಿಸಿ ಉಗುಳಬೇಕು ಅಂತ ತಿಳಿಸುವುದೂ ಅಷ್ಟೇ ಮುಖ್ಯ ಅಲ್ವಾ?

ಒಂದು ಎಚ್ಚರಿಕೆಯೂ ಇದೆ. ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತಲೂ, ಹಳೇ ದಮ್ಮು ಅಂತಲೂ ಸುಮ್ನೆ ಕೂರಬೇಡಿ. ಹೃದಯದ ತೊಂದರೆಯೂ ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಆರೋಗ್ಯ ಇಲಾಖೆಗೆ ನನ್ನ ವಿನಂತಿ ಇಷ್ಟು. ಸಿಒಪಿಡಿ ರೋಗಿಯನ್ನು ಮನೆಗೆ ಕಳಿಸುವ ಮುಂಚೆ ಹತ್ತು ನಿಮಿಷ ಮಾತಾಡುವುದನ್ನು ನರ್ಸ್ ಕೆಲಸವೆಂದು ಡ್ಯೂಟಿಯಲ್ಲೇ ಸೇರಿಸಲಿ. ಕನ್ನಡದಲ್ಲಿ, ಚಿತ್ರ ಸಮೇತ, ಮುದ್ದೆ, ಅನ್ನ, ರೊಟ್ಟಿಯ ಲೆಕ್ಕದಲ್ಲೇ ಒಂದು ಹಾಳೆ ಅಚ್ಚು ಹಾಕಿಸಲಿ. ಅಡುಗೆ ಮಾಡುವ ಸೊಸೆ, ಮಗಳು, ಮಗನನ್ನೂ ಆಗ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

– ಒಬ್ಬ ಸ್ಟಾಫ್ ನರ್ಸ್, ಹಾಸನ ಜಿಲ್ಲೆ