ಮಗಳ ಫ್ರಿಜ್ಜು, ಅಮ್ಮನ ಪಾಟ್ಲಿ

ಆಗಸ್ಟ್ ಬಂತೆಂದರೆ ನಮ್ಮ ಸಂಘದಲ್ಲಿ ಬೀಳ್ಕೊಡುಗೆಯ ಸುಗ್ಗಿ. ಈ ಸಲ ಕೋಥ್ರೂಡ್, ಔಂಧ್, ಚಿಂಚ್‌ವಡ್ ಕಡೆಯಿಂದ ಆರು ಮಕ್ಕಳು ಓದಲು ಹೊರದೇಶಕ್ಕೆ ಹೊರಟಿದ್ದಾರೆ. ಅದರಲ್ಲಿ ನಾಲ್ವರು ಜರ್ಮನಿಗೆ. ಪುಣೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು ಆ ಕಡೆ ಹೋಗುವುದು ಇಲ್ಲಿನ ಮಕ್ಕಳಿಗೆ ರೂಢಿಯೇ ಆಗಿದೆ. ನಾವು ಶಾಲು ಹೊದಿಸುತ್ತೇವೆ, ತೆಂಗಿನಕಾಯಿ ಕೊಡುತ್ತೇವೆ, ಯಾವ ಯೂನಿವರ್ಸಿಟಿ, ಯಾವ ಕೋರ್ಸು ಅಂತ ಕೇಳುತ್ತೇವೆ. ತಿಂಗಳ ಖರ್ಚಿಗೆ ಏನು ಮಾಡಿಕೊಂಡಿದ್ದೀಯಪ್ಪಾ ಅಂತ ಒಬ್ಬರೂ ಕೇಳುವುದಿಲ್ಲ.

ಕಳೆದ ವರ್ಷ ನನ್ನ ಮಗಳು ಜರ್ಮನಿಯ ಆಖೆನ್‌ಗೆ ಹೊರಟಾಗ ನಾನೂ ಕೇಳಲಿಲ್ಲ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟ್‌ಗೆ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಗೆ, 11,904 ಯೂರೋ ತುಂಬಿದ್ದೆವು. ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ ಸುಮಾರು 12 ಲಕ್ಷ ರೂಪಾಯಿ. ಅದು ತಿಂಗಳಿಗೆ 992 ಯೂರೋದಂತೆ ಮಗುವಿನ ಕೈಗೆ ಬರುತ್ತದೆ. ಇಷ್ಟು ಕಟ್ಟಿದ ಮೇಲೆ ಇನ್ನೇನು ಚಿಂತೆ ಅಂದುಕೊಂಡೆ.

ನವೆಂಬರ್‌ನಲ್ಲಿ ಒಂದು ರಾತ್ರಿ ವಿಡಿಯೋ ಕಾಲ್ ಮಾಡಿದ್ದೆ. ‘ಊಟ ಆತೇನವಾ?’ ಅಂದೆ. ‘ಆತ್ ಪಪ್ಪಾ’ ಅಂದಳು. ಅಷ್ಟರಲ್ಲಿ ಅವಳ ಜೊತೆಗಿರುವ ಹುಡುಗಿ ಹಿಂದಿನಿಂದ ಬಂದು ಫ್ರಿಜ್ ತೆಗೆದಳು. ನಾಲ್ವರಿಗೆ ಒಂದೇ ಫ್ರಿಜ್. ಮೇಲಿನ ಖಾನೆ ನನ್ನದು ಅಂತ ಮಗಳು ಮೊದಲ ವಾರವೇ ತೋರಿಸಿದ್ದಳು. ಆ ಖಾನೆಯಲ್ಲಿ ಅರ್ಧ ಕೋಸು, ಒಂದು ಮೊಸರಿನ ಡಬ್ಬಿ, ನಾವು ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ. ಪುಡಿ ತಳ ಕಂಡಿತ್ತು. ಬೇರೇನೂ ಇರಲಿಲ್ಲ.

ಕೇಳಿದಾಗ ಸುಮ್ಮನಿದ್ದಳು. ಆಮೇಲೆ ಒಂದೊಂದಾಗಿ ಬಂತು. ಬ್ಲಾಕ್ಡ್ ಅಕೌಂಟ್‌ನ ದುಡ್ಡು ಹೋದ ದಿನವೇ ಕೈಗೆ ಸಿಗುವುದಿಲ್ಲ. ಮೊದಲು ಮನೆ ಸಿಗಬೇಕು, ಆ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸಬೇಕು, ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆಗೆಯಬೇಕು. ಇದಕ್ಕೆ ಅವಳಿಗೆ ಐದು ವಾರ ಹಿಡಿಯಿತು. ಅಷ್ಟರಲ್ಲಿ ಮನೆಯ ಡಿಪಾಸಿಟ್ ಕಟ್ಟಬೇಕಾಯಿತು. ಅಲ್ಲಿನ ಕಾನೂನು ಮೂರು ತಿಂಗಳ ಬಾಡಿಗೆಯವರೆಗೂ ಡಿಪಾಸಿಟ್ ಕೇಳಲು ಬಿಡುತ್ತದೆ. ಇಲ್ಲಿಂದ ಒಯ್ದಿದ್ದ ದುಡ್ಡು ಮೂರನೇ ವಾರಕ್ಕೇ ಖಾಲಿ.

ಮತ್ತೆ ಯಾಕೆ ಹೇಳಲಿಲ್ಲ ಅಂದೆ. ‘ಮಮ್ಮಿ ಕೈಯಾಗ ಪಾಟ್ಲಿ ಇಲ್ಲ, ವಿಡಿಯೋದಾಗ ನೋಡೀನಿ. ಹೆಂಗ್ ಕೇಳ್ಲಿ?’ ಅಂದಳು.

ಪಾಟ್ಲಿ, ಅಂದರೆ ಅವಳಮ್ಮನ ಚಿನ್ನದ ಬಳೆ, ಒತ್ತೆ ಇಟ್ಟದ್ದನ್ನು ನಾವು ಅವಳಿಗೆ ಹೇಳಿರಲಿಲ್ಲ. ಓದುವ ಮಗುವಿಗೆ ಯಾಕೆ ತಲೆಬಿಸಿ ಅಂತ ಮುಚ್ಚಿಟ್ಟಿದ್ದೆವು. ನಾವು ಮುಚ್ಚಿಟ್ಟೆವು, ಅವಳೂ ಮುಚ್ಚಿಟ್ಟಳು. ನಮ್ಮಪ್ಪ ಧಾರವಾಡದ ಹಳ್ಳಿಯಿಂದ ಬಂದು ಖಡಕಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಮನಿಯಾರ್ಡರ್ ಕೂಪನ್ನಿನ ಸಣ್ಣ ಜಾಗದಲ್ಲಿ ‘ನಾನು ಕ್ಷೇಮ’ ಅಂತ ಬರೆದು ಕಳಿಸುತ್ತಿದ್ದರಂತೆ. ಜ್ವರ ಬಂದು ಮಲಗಿದ ತಿಂಗಳೂ ಅದನ್ನೇ ಬರೆದಿದ್ದರು. ದುಡ್ಡಿನ ವಿಷಯದಲ್ಲಿ ಮನೆಯವರಿಗೆ ನಿಜ ಹೇಳದಿರುವುದು ನಮ್ಮಲ್ಲಿ ಪ್ರೀತಿ ಅಂತಲೇ ನಡೆದುಬಂದಿದೆ. ಇದು ನಿಲ್ಲಬೇಕು ಅಂತ ಕೇಳಿಕೊಳ್ಳಲೆಂದೇ ಈ ತಿಂಗಳ ಸಂಪಾದಕೀಯ ಬರೆಯುತ್ತಿದ್ದೇನೆ.

ಮುಂದಿನ ಭಾನುವಾರ ನಾವು ಮೂವರೂ ಪೆನ್ನು ಹಾಳೆ ಹಿಡಿದು ಕೂತೆವು. ಸಾಲ ಎಷ್ಟು, ಕಂತು ಎಷ್ಟು, ಕಷ್ಟಕ್ಕೆ ಇನ್ನೆಷ್ಟು ಕಳಿಸಬಲ್ಲೆವು, ಎಲ್ಲ ಹೇಳಿದೆವು. ಅವಳೂ ಬಿಡಿಸಿ ಹೇಳಿದಳು. ತಿಂಗಳಿಗೆ ಬಾಡಿಗೆ 410 ಯೂರೋ, ಆರೋಗ್ಯ ವಿಮೆ 145. ವಿಮೆ ಇಲ್ಲದೆ ಅಲ್ಲಿ ಕಾಲೇಜಿಗೇ ಸೇರಿಸಿಕೊಳ್ಳುವುದಿಲ್ಲ. ಮನೆಗೊಂದರಂತೆ ರೇಡಿಯೋ-ಟೀವಿ ಶುಲ್ಕ 18.36. ಮನೆಯಲ್ಲಿ ಟೀವಿ ಇಲ್ಲದಿದ್ದರೂ ಕಟ್ಟಲೇಬೇಕು. ನಾಲ್ವರು ಹಂಚಿಕೊಂಡರೆ ತಲೆಗೆ 4.59.

ಊಟದ ಮಾತು ಬಂದಾಗ ಗೊತ್ತಾಯಿತು, ಅವಳು ಕಾಲೇಜಿನ ಕ್ಯಾಂಟೀನ್, ಅಲ್ಲಿ ಅದಕ್ಕೆ ಮೆನ್ಸಾ ಅನ್ನುತ್ತಾರೆ, ಅದರ ಕಡೆಗೇ ಹೋಗುತ್ತಿರಲಿಲ್ಲ. ಒಂದು ತಟ್ಟೆಗೆ ಮೂರು ಯೂರೋ ಆಸುಪಾಸು. ನೂರರಿಂದ ಗುಣಿಸಿದಳು, ಮುನ್ನೂರು ರೂಪಾಯಿ ಆಯಿತು, ವಾಪಸ್ ಬಂದಳು. ಆ ಊರಿನಲ್ಲಿ ಬಿಸಿ ಊಟ ಅದಕ್ಕಿಂತ ಅಗ್ಗಕ್ಕೆ ಸಿಗುವುದು ಕಷ್ಟ. ಮಕ್ಕಳೇ, ದಯವಿಟ್ಟು ಗುಣಿಸುವುದನ್ನು ಬಿಡಿ. 992ರಲ್ಲಿ ಬಾಡಿಗೆ, ವಿಮೆ ಕಳೆದು ಉಳಿದದ್ದನ್ನು ನಾಲ್ಕು ವಾರಕ್ಕೆ ಹಂಚಿ. ಆ ವಾರದ ದುಡ್ಡಿನಲ್ಲಿ ಮೊದಲು ಊಟ, ಉಳಿದದ್ದೆಲ್ಲ ಆಮೇಲೆ. ನನ್ನ ಮಗಳು ಈಗ ಹಾಗೇ ಮಾಡುತ್ತಾಳೆ. ಬಾಗಿಲ ಹಿಂದೆ ಖಾಲಿ ಪ್ಲಾಸ್ಟಿಕ್ ಬಾಟಲಿಗಳ ಚೀಲವೂ ಇದೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ. ಶನಿವಾರ ಅದನ್ನು ಹೊತ್ತು ಹೋಗಿ ಹಾಲು, ತರಕಾರಿ ತರುತ್ತಾಳೆ. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತವೆ.

ಪಾರ್ಟ್ ಟೈಮ್ ಕೆಲಸದ ಬಗ್ಗೆ ಒಂದು ಮಾತು. ನಮ್ಮ ಏಜೆಂಟ್ ‘ಅಲ್ಲಿಗೆ ಹೋದ ಮೊದಲ ತಿಂಗಳಿಂದಲೇ ಖರ್ಚು ಅವಳೇ ನೋಡಿಕೊಳ್ತಾಳೆ ಸರ್’ ಅಂದಿದ್ದರು. ನಾನು ನಂಬಿದೆ. ಜರ್ಮನಿಯಲ್ಲಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅವಕಾಶ ಇರುವುದು ನಿಜ. ಆಸ್ಟ್ರೇಲಿಯಾದಲ್ಲಿ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ. ಆದರೆ ಅವಕಾಶ ಇದ್ದ ಮಾತ್ರಕ್ಕೆ ಕೆಲಸ ಸಿಗಬೇಕಲ್ವಾ? ಭಾಷೆ ಇನ್ನೂ ತೊದಲುವಾಗ, ಮೊದಲ ಪರೀಕ್ಷೆ ತಲೆಯ ಮೇಲಿರುವಾಗ ಆ ಸಂಬಳವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬ್ಲಾಕ್ಡ್ ಅಕೌಂಟ್ ಬಿಟ್ಟು ಎರಡು ತಿಂಗಳಿಗಾಗುವಷ್ಟು ದುಡ್ಡು ಮತ್ತು ಡಿಪಾಸಿಟ್ಟನ್ನು ಫಾರೆಕ್ಸ್ ಕಾರ್ಡಿಗೆ (ಹೊರದೇಶದ ಹಣ ಮೊದಲೇ ತುಂಬಿಡುವ ಕಾರ್ಡು) ತುಂಬಿ ಕಳಿಸಿ. ಅಂಗಡಿಯಲ್ಲಿ ನಮ್ಮ ಕಾರ್ಡ್ ಕೊಟ್ಟಾಗ ಯಂತ್ರ ರೂಪಾಯಿಯಲ್ಲೋ ಯೂರೋದಲ್ಲೋ ಅಂತ ಕೇಳಿದರೆ ಯೂರೋವನ್ನೇ ಒತ್ತಲು ಹೇಳಿ. ರೂಪಾಯಿ ಒತ್ತಿದರೆ ಅವರದೇ ದರ ಹಾಕಿ ಜಾಸ್ತಿ ಕಿತ್ತುಕೊಳ್ಳುತ್ತಾರೆ.

ಹಣ ಕಳಿಸುವ ಅಪ್ಪ ಅಮ್ಮಂದಿರಿಗೆ: 2025ರ ಏಪ್ರಿಲ್‌ನಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷದವರೆಗೆ ಕಳಿಸಿದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ) ಇಲ್ಲ. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದರೆ ಆ ಮಿತಿಯೂ ಇಲ್ಲ. ಹಿಡಿದರೂ ರಿಟರ್ನ್ ತುಂಬುವಾಗ ತೋರಿಸಿ ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ.

ಈ ಸಲ ಶಾಲು, ತೆಂಗಿನಕಾಯಿಯ ಜೊತೆಗೆ ಇನ್ನೊಂದು ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಬರುವ ಭಾನುವಾರ ಸಂಜೆ 4 ಗಂಟೆಗೆ ಸಂಘದ ಹಾಲ್‌ನಲ್ಲಿ ಹೊರಟಿರುವ ಆರೂ ಮಕ್ಕಳು ಅಪ್ಪ ಅಮ್ಮನ ಜೊತೆ ಬರಬೇಕು, ಮನೆಯ ಲೆಕ್ಕ ಬರೆದುಕೊಂಡು ಬರಬೇಕು. ಎಲ್ಲರೆದುರು ಓದುವುದು ಬೇಡ, ನಿಮ್ಮ ಮನೆಯವರು ನೀವೇ ಒಂದು ಮೂಲೆಯಲ್ಲಿ ಕೂತು ಮಾತಾಡಿದರೆ ಸಾಕು. ಓದು ಮುಗಿಸಿ ಬಂದಿರುವ ಇಬ್ಬರು ಹಿರಿಯ ವಿದ್ಯಾರ್ಥಿಗಳು ಪಕ್ಕದಲ್ಲಿ ಇರುತ್ತಾರೆ. ನನ್ನ ಮಗಳು ವಿಡಿಯೋದಲ್ಲಿ ಸೇರುತ್ತಾಳೆ. ಅಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ‘ತಾಟು ಮುಂದ ಇಟ್ಕೊಂಡ ಕೂಡ್ತೀನಿ ಪಪ್ಪಾ, ಎಲ್ಲಾರೂ ನೋಡ್ಲಿ’ ಅಂದಿದ್ದಾಳೆ.