ಲಾ ಓದೋ ಮಕ್ಕಳು ತತ್ವಶಾಸ್ತ್ರ ಯಾಕೆ ಓದಬಾರದು?

ಸಂಪಾದಕರೇ,

ಪಿಯುಸಿ ಫಲಿತಾಂಶ ಬಂತು ಅಂದರೆ ಸಿಂಧನೂರಿನ ನಮ್ಮ ಆಫೀಸಿಗೆ ಬರುವ ಕಕ್ಷಿದಾರರು ಕೇಸಿನ ಜೊತೆ ಇನ್ನೊಂದು ಪ್ರಶ್ನೆ ತರುತ್ತಾರೆ. 'ಸರ್, ಮಗಳು ಮುಂದೆ ಲಾ ಮಾಡ್ತೀನಿ ಅಂತಾಳೆ, ಬಿ.ಎ.ಗೆ ಏನು ಕೊಡಿಸೋಣ?' ತತ್ವಶಾಸ್ತ್ರ ಅಂದರೆ ನಗುತ್ತಾರೆ. ಓದಿ ಮಠ ಸೇರಬೇಕಾ ಅಂತ ಒಬ್ಬರು ಕೇಳಿಯೇಬಿಟ್ಟರು.

ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷದ ಕೋರ್ಸಿಗೆ ಹೋಗುವವರ ಮಾತು ಬೇರೆ. ನಮ್ಮ ಕಡೆ ಎಷ್ಟೋ ಮಕ್ಕಳು ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ. ಸೇರುತ್ತಾರೆ. ಅದಕ್ಕೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಸಾಮಾನ್ಯ ವರ್ಗದವರಿಗೆ ಶೇ 45 ಅಂಕ ಇದ್ದರೆ ಸಾಕು.

ತತ್ವಶಾಸ್ತ್ರ ಅಂದರೆ ಬರೀ ಆತ್ಮ, ಪರಮಾತ್ಮ ಅಲ್ಲ. ವಾದ ಹೇಗೆ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಅನ್ನುವುದೂ ಅದೇ. ನಮ್ಮ ಹಳೇ ತರ್ಕಶಾಸ್ತ್ರವಾದ ನ್ಯಾಯ ದರ್ಶನದ ಉದಾಹರಣೆ ನೋಡಿ. ಬೆಟ್ಟದ ಮೇಲೆ ಹೊಗೆ ಇದೆ, ಹಾಗಾದರೆ ಬೆಂಕಿ ಇದೆ. ಸರಿ. ಅದನ್ನೇ ತಿರುಗಿಸಿ, ಬೆಂಕಿ ಇದೆ ಅಂದಮೇಲೆ ಹೊಗೆ ಇರಲೇಬೇಕು ಅಂದರೆ ತಪ್ಪು, ಯಾಕೆಂದರೆ ಕಾದ ಕಬ್ಬಿಣದಲ್ಲಿ ಬೆಂಕಿ ಇದ್ದರೂ ಹೊಗೆ ಇಲ್ಲ, ಹೊಗೆ ಏಳೋಕೆ ಹಸಿ ಕಟ್ಟಿಗೆ ಬೇಕು. ಈಗ ನಮ್ಮ ಕೋರ್ಟಿಗೆ ಬನ್ನಿ. 'ಪಹಣಿಯಲ್ಲಿ ನಮ್ಮಪ್ಪನ ಹೆಸರಿದೆ, ಹೊಲ ನಮ್ಮದೇ.' ಕಾಲುವೆ ಬದಿಯ ಗದ್ದೆಗಳ ಎಷ್ಟೋ ಜಗಳ ಈ ಒಂದು ಮಾತಿನ ಮೇಲೇ ನಿಂತಿರುತ್ತವೆ. ಮಾಲೀಕರ ಹೆಸರು ಪಹಣಿಯಲ್ಲಿ ಇರಬಹುದು, ಆದರೆ ಹೆಸರು ಇದ್ದವರೆಲ್ಲ ಮಾಲೀಕರಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರವೂ ಆ ನಮೂದನ್ನು ನಿಜ ಅಂತ ನಂಬುವುದು ಅದು ತಪ್ಪು ಅಂತ ಸಾಬೀತಾಗುವವರೆಗೆ ಮಾತ್ರ. ಕ್ರಯಪತ್ರ ಎಲ್ಲಿ, ವಿಭಾಗಪತ್ರ ಎಲ್ಲಿ ಅಂತ ಕೇಳುವವನು ಹಸಿ ಕಟ್ಟಿಗೆಯನ್ನೇ, ಅಂದರೆ ಹೆಸರಿನ ಜೊತೆ ಇರಬೇಕಾದ ಆಧಾರವನ್ನೇ ಹುಡುಕುತ್ತಿರುತ್ತಾನೆ.

ಎಲ್‌ಎಲ್‌.ಬಿ.ಯಲ್ಲಿ ಜ್ಯೂರಿಸ್‌ಪ್ರುಡೆನ್ಸ್ ಅಂತ ಒಂದು ಪೇಪರ್ ಇದೆ, ಕಾನೂನು ಅಂದರೇನು ಅಂತ ಕೇಳುವ ಪಾಠ ಅದು, ಆಸ್ಟಿನ್, ಕೆಲ್ಸನ್, ಹಾರ್ಟ್ ಅನ್ನುವ ಕಾನೂನು ಚಿಂತಕರೆಲ್ಲ ಬರುತ್ತಾರೆ. ಹುಡುಗರು ಗೈಡ್ ಉರು ಹೊಡೆದು ಪಾಸಾಗುತ್ತಾರೆ. 2017ರ ಪುಟ್ಟಸ್ವಾಮಿ ತೀರ್ಪು, ಅದೇ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು, ಅದನ್ನು ತೆರೆದರೆ ಅರಿಸ್ಟಾಟಲ್, ಲಾಕ್, ಮಿಲ್ ತರಹದ ತತ್ವಜ್ಞಾನಿಗಳು ಎದುರಾಗುತ್ತಾರೆ. ಮೊದಲೇ ಪರಿಚಯ ಇದ್ದವರಿಗೆ ಗಾಬರಿ ಕಮ್ಮಿ.

ಇದೇ ಓದಬೇಕು ಅಂತೇನಿಲ್ಲ. ಡಿಗ್ರಿ ಆದಮೇಲೇ ಲಾ ಓದಿಸುವ ಅಮೆರಿಕದಲ್ಲೂ ಅಲ್ಲಿನ ವಕೀಲರ ಸಂಘ ಇಂಥದೇ ವಿಷಯ ಓದಿ ಬನ್ನಿ ಅನ್ನುವುದಿಲ್ಲ. ತತ್ವಶಾಸ್ತ್ರ ಓದಿದ ಮಾತ್ರಕ್ಕೆ ದಾವೆ ಡ್ರಾಫ್ಟ್ ಮಾಡೋಕೆ ಬರಲ್ಲ. ಇಂಗ್ಲಿಷ್ ತೊಡಕಂತೂ ಹಾಗೇ ಇರುತ್ತದೆ. ಲಾ ಸೀಟು ಸಿಗದಿದ್ದರೆ ಕೆಲಸ ಹುಡುಕೋದೂ ಸುಲಭ ಅಲ್ಲ, ಅದಕ್ಕೇ ಜೊತೆಗೆ ಅರ್ಥಶಾಸ್ತ್ರವೋ ರಾಜ್ಯಶಾಸ್ತ್ರವೋ ಇರಲಿ ಅನ್ನುತ್ತೇನೆ.

ಆದರೆ ಓದ್ತೀನಿ ಅಂದವರಿಗೆ ಸಿಗಬೇಕಲ್ವಾ? ಇಲ್ಲಿನ ಒಂದು ಕಾಲೇಜಿನಲ್ಲಿ ವಿಚಾರಿಸಿದೆ. 'ಯಾರೂ ಕೇಳಲ್ಲ ಸರ್, ಅದಕ್ಕೇ ಇಟ್ಟಿಲ್ಲ' ಅಂದರು. ಇಟ್ಟಿಲ್ಲ ಅಂತಲೇ ಯಾರೂ ಕೇಳಲ್ಲ. ತರ್ಕದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ಅಂತಾರೆ, ಪಾಠ ಇದ್ದಿದ್ದರೆ ಅವರಿಗೂ ಗೊತ್ತಿರುತ್ತಿತ್ತು! ಪೂರ್ತಿ ವಿಭಾಗ ಬೇಡ, ನಮ್ಮ ರಾಯಚೂರಿನ ವಿಶ್ವವಿದ್ಯಾಲಯದವರು ತರ್ಕದ ಒಂದು ಐಚ್ಛಿಕ ಪೇಪರ್ ಆದರೂ ಇಡಲಿ. ಮೇಷ್ಟ್ರು ಸಿಗಲ್ಲ ಅಂದರೆ ಶನಿವಾರ ಮಧ್ಯಾಹ್ನ ಪಾಠ ಮಾಡೋಕೆ ನಾನು ತಯಾರಿದ್ದೇನೆ, ಸಂಬಳ ಬೇಡ.

– ಒಬ್ಬ ವಕೀಲ, ಸಿಂಧನೂರು, ರಾಯಚೂರು ಜಿಲ್ಲೆ